ಜ್ವರವಿಲ್ಲದವರ ಬ್ರೆಡ್ಡು

ನಮ್ಮ ಕಡೆಯ ಹಳೇ ಮನೆಗಳಲ್ಲಿ ಬ್ರೆಡ್ಡು ತಿಂಡಿಯೂ ಅಲ್ಲ, ಊಟವೂ ಅಲ್ಲ. ಅದು ಪಥ್ಯ. ಜ್ವರ ಬಂದವರು ಬಿಸಿ ಹಾಲಿನಲ್ಲಿ ಅದ್ದಿಕೊಂಡು, ಮುಖ ಕಿವುಚಿಕೊಂಡು ತಿನ್ನುವ ಪದಾರ್ಥ. ನಾನು ಭದ್ರಾವತಿಯಲ್ಲಿ ಬೆಳೆಯುವಾಗ ಬೇಕರಿಯಿಂದ ಒಂದು ಪೌಂಡ್ ಬ್ರೆಡ್ ಹಿಡಿದುಕೊಂಡು ಬೀದಿಯಲ್ಲಿ ನಡೆದರೆ ಸಾಕು, ಯಾವುದಾದರೂ ಕಾಂಪೌಂಡಿನ ಒಳಗಿನಿಂದ “ಯಾರಿಗೆ ಹುಷಾರಿಲ್ಲ?” ಎಂಬ ಪ್ರಶ್ನೆ ತೂರಿ ಬರುತ್ತಿತ್ತು. ಯಾರಿಗೂ ಏನೂ ಆಗಿಲ್ಲ, ಸುಮ್ಮನೆ ತಿನ್ನುವುದಕ್ಕೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಈ ಹುಡುಗಿ ಏನೋ ಮುಚ್ಚಿಡುತ್ತಿದ್ದಾಳೆ ಎಂದುಕೊಂಡು ಸಂಜೆ ಮನೆಗೇ ಬಂದು ವಿಚಾರಿಸುತ್ತಿದ್ದರು.

ಇಷ್ಟೆಲ್ಲ ಗೊತ್ತಿದ್ದ ನಾನೇ ಕಳೆದ ಚಳಿಗಾಲದಲ್ಲಿ ಕೈಯಾರೆ ಬ್ರೆಡ್ ಮಾಡಿಕೊಂಡು ಹೋಗಿ ಅಮ್ಮನ ಮುಂದಿಟ್ಟೆ. ಬುದ್ಧಿಗೆ ಮಂಕು ಕವಿಯುವುದು ಎಂದರೆ ಇದೇ ಇರಬೇಕು.

ನಾನಿರುವುದು ಶಿವಮೊಗ್ಗದ ಗೋಪಾಳದಲ್ಲಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವುದು ನನ್ನ ಕೆಲಸ. ನಮ್ಮ ಯಜಮಾನರು ಯಾವುದೋ ಆಫರಿಗೆ ಮರುಳಾಗಿ ತಂದ ಓವನ್ ಒಂದು ಅಡುಗೆಮನೆಯ ಮೂಲೆಯಲ್ಲಿ ಕೂತಿತ್ತು. ಅದರೊಳಗೆ ನಾನು ಹಪ್ಪಳದ ಡಬ್ಬ ಇಡುತ್ತಿದ್ದೆ. ಹಪ್ಪಳ ಮೆತ್ತಗಾಗುತ್ತಿರಲಿಲ್ಲ, ಆ ಮಟ್ಟಿಗೆ ಅದು ಉಪಯೋಗದ ವಸ್ತುವೇ. ಒಂದು ಭಾನುವಾರ ಫೋನಿನಲ್ಲಿ ಯಾವುದೋ ಹಿಮ ಬೀಳುವ ದೇಶದ ಅಜ್ಜಿಯೊಬ್ಬಳು ಮೈದಾಕ್ಕೆ ಹಾಲು, ಬೆಣ್ಣೆ ಹಾಕಿ ನಾದಿ, ಹಿಟ್ಟನ್ನು ಹಗ್ಗದ ಹಾಗೆ ಹೊಸೆದು, ಜಡೆ ಹೆಣೆದು ಬೇಯಿಸುವುದನ್ನು ನೋಡಿದೆ. ಅವರ ಊರಿನಲ್ಲಿ ಅದು ಭಾನುವಾರದ ಬೆಳಗಿನ ತಿಂಡಿಯಂತೆ, ನಮ್ಮ ದೋಸೆಯ ಹಾಗೆ. ಅಜ್ಜಿಯ ಭಾಷೆ ಒಂದಕ್ಷರ ತಿಳಿಯಲಿಲ್ಲ. ಆದರೆ ಜಡೆ ಹಾಕುವುದನ್ನು ನನಗೆ ಭಾಷೆಯಲ್ಲಿ ಹೇಳಿಕೊಡಬೇಕಾಗಿಯೂ ಇರಲಿಲ್ಲ. ಹಪ್ಪಳದ ಡಬ್ಬ ಹೊರಗೆ ಬಂತು.

ದುರ್ಗಿಗುಡಿಯ ಅಂಗಡಿಯೊಂದರಿಂದ ಹಿಟ್ಟು ಹುದುಗಿಸುವ ಈಸ್ಟ್ ತಂದೆ. ಬೆಣ್ಣೆಗೆ ಬರವಿರಲಿಲ್ಲ. ನವುಲೆ ಕಡೆಯಿಂದ ನಮಗೆ ಹಾಲು ತರುವವನ ಎಮ್ಮೆಗಳು ಒಳ್ಳೆಯವು, ಕೆನೆ ಕೂಡಿಟ್ಟು ವಾರಕ್ಕೊಮ್ಮೆ ಕಡೆದರೆ ನಿಂಬೆಹಣ್ಣಿನ ಗಾತ್ರದ ಐದಾರು ಉಂಡೆ ಏಳುತ್ತವೆ. ಅಜ್ಜಿ ಜಡೆಯ ಮೇಲೆ ಮೊಟ್ಟೆ ಸವರುತ್ತಿದ್ದಳು. ನಮ್ಮ ಮನೆಗೆ ಮೊಟ್ಟೆ ಬರುವ ಹಾಗಿಲ್ಲ, ಹಾಗಾಗಿ ಸಕ್ಕರೆ ಕದಡಿದ ಹಾಲೇ ಗತಿ ಎಂದು ತೀರ್ಮಾನಿಸಿದೆ.

ಮೊದಲ ಬ್ರೆಡ್ಡಿನ ಕಥೆ ಹೇಳದಿರುವುದೇ ಒಳ್ಳೆಯದು, ಆದರೂ ಹೇಳುತ್ತೇನೆ. ಹಾಲು ಕುದಿ ಬಂದ ಕೂಡಲೇ ಅದಕ್ಕೆ ಈಸ್ಟ್ ಸುರಿದುಬಿಟ್ಟೆ. ಪಾಪ, ಅದು ಅಲ್ಲೇ ಸತ್ತುಹೋಯಿತು. ನನಗೆ ಗೊತ್ತಾಗಲಿಲ್ಲ. ಹಿಟ್ಟು ಮಧ್ಯಾಹ್ನದವರೆಗೆ ಕಲಸಿಟ್ಟ ಹಾಗೇ ಮಲಗಿತ್ತು, ನಾನೂ ಹಟ ಬಿಡದೆ ಅದನ್ನೇ ಹೆಣೆದು ಬೇಯಿಸಿದೆ. ಯಜಮಾನರು ಒಂದು ತುಂಡು ಕಚ್ಚಿ, ದವಡೆ ಹಿಡಿದುಕೊಂಡು, “ಇದನ್ನ ಭದ್ರಾವತಿಗೆ ಕಳಿಸು ಮಾರಾಯ್ತಿ. ಅಲ್ಲಿ ಉಕ್ಕಿನ ಬೆಲೆ ಗೊತ್ತಿರೋ ಜನ ಇದಾರೆ” ಎಂದರು. ನನ್ನ ತವರನ್ನು ಆಡಿಕೊಳ್ಳಲು ಅವರಿಗೆ ಒಂದು ನೆಪ ಬೇಕು ಅಷ್ಟೆ.

ಹಾಲಿನ ಬಿಸಿ ಎಷ್ಟಿರಬೇಕು ಎನ್ನುವುದು ಆಮೇಲೆ ಹೊಳೆಯಿತು. ಮೊಸರಿಗೆ ಹೆಪ್ಪು ಹಾಕುವಾಗ ಬೆರಳದ್ದಿ ನೋಡುತ್ತೇವಲ್ಲ, ಅಷ್ಟು. ಅದೊಂದು ತಿಳಿದ ಮೇಲೆ ಎಲ್ಲ ಸುಸೂತ್ರವಾಯಿತು. ಹಿಟ್ಟು ಪಾತ್ರೆಗೆ ಮುಚ್ಚಿದ್ದ ತಟ್ಟೆಯನ್ನೇ ಎತ್ತಿಕೊಂಡು ಮೇಲೆ ಬಂತು. ಓವನ್ನಿನ ಗಾಜಿನ ಹಿಂದೆ ಜಡೆ ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಮನೆಯೆಲ್ಲ ಬೆಣ್ಣೆ ಕಾಸಿದ ಘಮ. ಹೊರತೆಗೆದು ತಳಕ್ಕೆ ಬೆರಳಿನಿಂದ ಬಡಿದರೆ ಒಳಗೆ ಟೊಳ್ಳಾದ ಸದ್ದು ಬರಬೇಕು, ಬಂತು. ಯಜಮಾನರು ಅರ್ಧ ಬ್ರೆಡ್ಡನ್ನು ಮಾತಿಲ್ಲದೆ ಮುಗಿಸಿದರು. ಅವರು ಮಾತಿಲ್ಲದೆ ತಿನ್ನುವುದೇ ನಮ್ಮ ಮನೆಯಲ್ಲಿ ಪ್ರಶಸ್ತಿ. ನನಗೋ ಹೆಮ್ಮೆಯಿಂದ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇದನ್ನು ಅಮ್ಮನಿಗೆ ತೋರಿಸಲೇಬೇಕು ಎನ್ನಿಸಿತು.

ಈಗ ಅಮ್ಮನ ವಿಷಯ ಹೇಳಬೇಕು. ಅಮ್ಮ ಭದ್ರಾವತಿಯಲ್ಲಿ ಅಣ್ಣ, ಅತ್ತಿಗೆಯ ಜೊತೆ ಇದ್ದಾಳೆ. ಆ ವರ್ಷದ ಮಳೆಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ, ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ್ದಳು. ನಾವೆಲ್ಲ ತುಂಬಾ ಹೆದರಿದೆವು. ಅತ್ತಿಗೆಯಂತೂ ಕೆಲಸಕ್ಕೆ ರಜೆ ಹಾಕಿ ಹಾಸಿಗೆಯ ಪಕ್ಕ ಬಿಟ್ಟು ಕದಲಲಿಲ್ಲ. ಅಮ್ಮ ಗಟ್ಟಿ ಜೀವ, ಎದ್ದು ಕೂತಳು. ದೀಪಾವಳಿಯ ಹೊತ್ತಿಗೆ ಡಾಕ್ಟರು ಎದೆ ಪರೀಕ್ಷೆ ಮಾಡಿ, “ಅಮ್ಮಾ, ಇನ್ನು ನೀವು ನನ್ನನ್ನ ನೋಡೋಕೆ ಬರೋದು ಬೇಡ” ಎಂದು ನಗುತ್ತ ಕಳಿಸಿಯೂ ಆಗಿತ್ತು.

ಡಾಕ್ಟರು ಬಿಟ್ಟರೂ ಮನೆಯವರು ಬಿಡಬೇಕಲ್ಲ. ಅಮ್ಮ ಅಡುಗೆಮನೆಯ ಹೊಸ್ತಿಲು ದಾಟಿದರೆ ಅತ್ತಿಗೆ ಓಡಿ ಬರುತ್ತಿದ್ದರು. ಒಗ್ಗರಣೆಯ ಘಾಟು ಆಗದು, ತಣ್ಣೀರು ಮುಟ್ಟಕೂಡದು, ರಂಗೋಲಿಗೆ ಬಗ್ಗಿದರೆ ಏದುಸಿರು ಬಂದೀತು. “ನೀವು ಕೂತ್ಕೊಳ್ಳಿ ಅತ್ತೆ” ಎನ್ನುವುದು ಆ ಮನೆಯಲ್ಲಿ ದಿನವಿಡೀ ಕೇಳುವ ಮಂತ್ರವಾಗಿತ್ತು. ನಡುಮನೆಯಲ್ಲಿ ಒಂದು ಬೆತ್ತದ ಕುರ್ಚಿ, ಕುರ್ಚಿಯಲ್ಲಿ ಸ್ವೆಟರು ತೊಟ್ಟ ಅಮ್ಮ. ಅತ್ತಿಗೆಯದು ಕಪಟವಿಲ್ಲದ ಪ್ರೀತಿ. ಆಸ್ಪತ್ರೆಯಲ್ಲಿ ಅಮ್ಮ ಉಸಿರಿಗೆ ಒದ್ದಾಡಿದ್ದನ್ನು ಕಣ್ಣಾರೆ ಕಂಡವರು ಅವರು, ಭಯ ಅಷ್ಟು ಬೇಗ ಬಿಡುವುದಿಲ್ಲ. ಅವರನ್ನು ದೂರುವುದು ಹೇಗೆ?

ಆದರೆ ಅಮ್ಮ ಯಾರು ಎನ್ನುವುದನ್ನೂ ತಿಳಿದಿರಬೇಕು. ನಮ್ಮ ಬೀದಿಯಲ್ಲಿ ಯಾರೇ ಹಾಸಿಗೆ ಹಿಡಿಯಲಿ, ಮೊದಲು ನೋಡಲು ಹೋಗುತ್ತಿದ್ದವಳು ಅಮ್ಮ. ಫ್ಯಾಕ್ಟರಿ ಊರು, ತಮಿಳಿನವರು, ತೆಲುಗಿನವರು, ನಮ್ಮವರು ಎಲ್ಲ ಒಂದೇ ಸಾಲಿನಲ್ಲಿ. ಅವಳಿಗೆ ಯಾರ ಭಾಷೆಯೂ ಪೂರ್ತಿ ಬರದು, ಎಲ್ಲರ ಕಾಯಿಲೆಯೂ ಪೂರ್ತಿ ಗೊತ್ತು. ರೋಗಿಯನ್ನು ನೋಡುವುದಕ್ಕೆ ಅವಳದೇ ಕಾನೂನುಗಳಿದ್ದವು. ಬರಿಗೈಯಲ್ಲಿ ಹೋಗಬಾರದು. ಹಾಸಿಗೆಯ ಮೇಲೆ ಕೂರಬಾರದು. ಇದೇ ಕಾಯಿಲೆಯಲ್ಲಿ ಸತ್ತವರ ಕಥೆ ಹೇಳಬಾರದು. ಹೊರಡುವಾಗ ತಪ್ಪಿಯೂ “ಹೋಗಿ ಬರ್ತೀನಿ” ಎನ್ನಬಾರದು, ಆಸ್ಪತ್ರೆಗೆ ಮತ್ತೆ ಬರುವ ಯೋಗ ಯಾರಿಗೆ ಬೇಕು? ಇಂಥವಳು ಈಗ ಕುರ್ಚಿಯಲ್ಲಿ ಕೂತು, ನೋಡಲು ಬಂದವರ ಎದುರು ಸಾವಕಾಶವಾಗಿ ನಗಬೇಕಿತ್ತು.

ಬಂದವರೆಲ್ಲ ಬ್ರೆಡ್ಡು ತಂದರು. ಎದುರುಮನೆಯ ಆಂಟಿಯಂತೂ ವಾರಕ್ಕೆರಡು ಸಲ. ಅವರು ತಮಿಳಿನವರು, ಅಮ್ಮನಿಗಿಂತ ಸ್ವಲ್ಪ ಚಿಕ್ಕವರು, ಅಮ್ಮನನ್ನು “ಅಕ್ಕಾ” ಎಂದೇ ಕರೆಯುವುದು. ನಾವು ಚಿಕ್ಕವರಿದ್ದಾಗಿನಿಂದ ಎರಡೂ ಮನೆಯ ಸಾರು ರಸ್ತೆ ದಾಟಿ ಓಡಾಡಿದೆ. ಅತ್ತಿಗೆ ಬಂದ ಬ್ರೆಡ್ಡಿನಲ್ಲಿ ಉಪ್ಪಿಟ್ಟು ಮಾಡಿದರು, ಸಿಹಿ ಮಾಡಿದರು, ಒಣಗಿಸಿ ಪುಡಿ ಮಾಡಿಟ್ಟರು. ಕೊನೆಗೆ ಬೀದಿಯ ನಾಯಿಗಳೂ ಸಾಕು ಎಂದು ಮುಖ ತಿರುಗಿಸಿದವು.

ಈ ಯಾವುದನ್ನೂ ಯೋಚಿಸದೆ ನಾನು ಒಂದು ಭಾನುವಾರ ನನ್ನ ಬೆಣ್ಣೆ ಜಡೆಯನ್ನು ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ ಭದ್ರಾವತಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗರಳಿಸಿ, “ಏನ್ ಬೆಣ್ಣೆ ವಾಸನೆ ರೀ! ಬಿಸ್ಕತ್ತಾ?” ಎಂದರು. ನಾನು ಬಟ್ಟೆ ಸರಿಸಿ ತೋರಿಸಿದೆ. “ಓ, ಬ್ರೆಡ್ಡು” ಎಂದು ಅವರ ದನಿ ಒಮ್ಮೆಲೇ ಇಳಿಯಿತು. “ಆಸ್ಪತ್ರೆಗಾ?” ನಾನು ನಕ್ಕು, ಅಮ್ಮನಿಗೆ ಎಂದೆ. “ಎಲ್ಲ ಒಳ್ಳೇದಾಗತ್ತೆ ಬಿಡಿ, ದೇವರಿದಾನೆ” ಎಂದು ಅವರು ನನ್ನ ಕೈ ತಟ್ಟಿದರು. ಅಲ್ಲಿಗಾದರೂ ನನ್ನ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅಮ್ಮ ಕುರ್ಚಿಯಲ್ಲೇ ಇದ್ದಳು. ನನ್ನನ್ನು ಕಂಡು ಮುಖ ಅರಳಿತು. ನಾನು ಅವಳ ಮಡಿಲ ಮೇಲೆ ಪೊಟ್ಟಣ ಇಟ್ಟು, “ಬಿಚ್ಚಿ ನೋಡು” ಎಂದೆ. ಬಿಚ್ಚಿದಳು. ಅರಳಿದ ಮುಖ ನನ್ನ ಕಣ್ಣೆದುರೇ ಮುದುಡಿತು. ಜಡೆಯನ್ನು ನೋಡಲಿಲ್ಲ, ಹೊಳಪನ್ನು ನೋಡಲಿಲ್ಲ. ಅವಳು ಕಂಡದ್ದು ಬ್ರೆಡ್ಡು ಅಷ್ಟೆ.

“ನೀನೂ ಬ್ರೆಡ್ಡೇ ತಂದ್ಯೇನೇ?” ಎಂದಳು.

“ಅಂಗಡೀದಲ್ಲ ಅಮ್ಮ, ನಾನೇ ಮಾಡಿದ್ದು. ಮನೆ ಬೆಣ್ಣೆ ಹಾಕಿದೀನಿ.”

“ಯಾರು ಮಾಡಿದ್ರೇನು? ನಾನಿನ್ನೂ ಹುಷಾರಾಗಿಲ್ಲ ಅಂತ ನಿನಗೂ ಅನ್ಸಿದೆ. ಅದಕ್ಕೇ ತಾನೇ ತಂದಿರೋದು?”

ಅತ್ತಿಗೆ ಒಳಗಿನಿಂದ, “ಎಷ್ಟು ಚೆನ್ನಾಗಿದೆ ಅತ್ತೆ, ಹಾಲಲ್ಲಿ ನೆನೆಸಿ ಕೊಡ್ತೀನಿ, ಮೆತ್ತಗೆ ಇರತ್ತೆ” ಎಂದು ಸಂಭ್ರಮದಿಂದ ಬಂದರು. ಉರಿಯುವ ಬೆಂಕಿಗೆ ತುಪ್ಪ ಎಂದರೆ ಅದು. ಅಮ್ಮ ಕಣ್ಣು ಮುಚ್ಚಿಕೊಂಡಳು.

ಮಧ್ಯಾಹ್ನ ಅತ್ತಿಗೆ ಬಟ್ಟೆ ತೆಗೆಯಲು ಮಹಡಿಗೆ ಹೋದಾಗ ಅಮ್ಮ ಹೇಳಿದ್ದು ಕೇಳಿ ನನಗೆ ವಿಷಯದ ಆಳ ತಿಳಿಯಿತು. ಹಿಂದಿನ ವಾರ ಅದೇ ಬೀದಿಯ ಒಂದು ಮನೆಯಲ್ಲಿ ಸೀಮಂತವಿತ್ತು. ಬೀದಿಯ ಯಾವ ಸೀಮಂತದಲ್ಲೂ ಆರತಿಯ ಹಾಡು ಅಮ್ಮನದೇ. ಕರೆಯಲು ಬಂದವರು ಅತ್ತಿಗೆಗೆ ಕುಂಕುಮ ಕೊಟ್ಟು, “ತಪ್ಪದೇ ಬನ್ನಿ” ಎಂದು ಹೇಳಿ, ಅಮ್ಮನ ಕಡೆ ತಿರುಗಿ, “ನೀವು ತೊಂದ್ರೆ ತಗೋಬೇಡಿ ಅಮ್ಮ. ಊಟ ಇಲ್ಲಿಗೇ ಕಳಿಸ್ತೀವಿ” ಎಂದರಂತೆ.

“ಕ್ಯಾರಿಯರ್ ಬಂತು ಕಣೇ,” ಎಂದಳು ಅಮ್ಮ. “ಹೋಳಿಗೆ, ಚಿತ್ರಾನ್ನ ಎಲ್ಲಾ ಇತ್ತು. ನಾಲ್ಕು ಮನೆ ಆಚೆ ಹಾಡು ಕೇಳಿಸ್ತಾ ಇತ್ತು. ಮೊಬೈಲಲ್ಲಿ ಹಾಕಿದ್ರು, ಯಾವುದೋ ಸಿನಿಮಾದ್ದು. ನಾನು ಇಲ್ಲಿ ಸ್ವೆಟರ್ ಹಾಕ್ಕೊಂಡು ಕೂತಿದ್ದೆ. ಒಂದ್ಸಲ ಕಾಯಿಲೆ ಬಿದ್ದೋಳು ಅಂತ ಕೂರಿಸಿಬಿಟ್ರೆ ಮುಗೀತು. ಇನ್ನು ನನ್ನನ್ನ ಯಾರೂ ಯಾವುದಕ್ಕೂ ಕರಿಯಲ್ಲ. ನೋಡೋಕೆ ಬರ್ತಾರೆ ಅಷ್ಟೆ.”

ಅಮ್ಮನ ಕಣ್ಣಲ್ಲಿ ನೀರು ಕಂಡು ಎಷ್ಟು ವರ್ಷವಾಗಿತ್ತೋ. ಆಸ್ಪತ್ರೆಯಲ್ಲೂ ಅತ್ತವಳಲ್ಲ ಅವಳು. ನನಗೆ ಸಂಕಟವಾಯಿತು, ಜೊತೆಗೆ ಸಿಟ್ಟೂ ಬಂತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

“ನನ್ನ ಜೊತೆ ಬಾ,” ಎಂದೆ. “ಸ್ವಲ್ಪ ದಿನ ಗೋಪಾಳದಲ್ಲಿರು.”

ಅಮ್ಮ ಎದ್ದು ಹೋಗಿ ಬ್ಯಾಗಿಗೆ ಸೀರೆ ತುಂಬತೊಡಗಿದಳು. ಅತ್ತಿಗೆ ಕಂಗಾಲಾದರು. ಮಾತ್ರೆ, ಮಫ್ಲರು, ಉಸಿರು ಅಳೆಯುವ ಯಂತ್ರ ಎಲ್ಲವನ್ನೂ ನನ್ನ ಕೈಗಿಟ್ಟು, “ನೀರು ಕಾಯಿಸಿದ್ದೇ ಕೊಡಿ. ಕೆಲಸಕ್ಕೆ ಮಾತ್ರ ಬಿಡಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ” ಎಂದರು. ಅವರ ಕಣ್ಣಲ್ಲೂ ನೀರು. ಅಣ್ಣ ಕಾರಿನಲ್ಲಿ ನಮ್ಮನ್ನು ಶಿವಮೊಗ್ಗಕ್ಕೆ ಬಿಟ್ಟು ಹೋದ.

ಮರುದಿನ ನನಗೆ ಶಾಲೆಗೆ ರಜೆಯಿತ್ತು. ಬೆಳಿಗ್ಗೆ ನಾನು ಹಿಟ್ಟು ಕಲಸುತ್ತಿದ್ದೆ. ಅಮ್ಮ ಬಂದು ಕಟ್ಟೆಯ ಪಕ್ಕ ನಿಂತಳು. ನನ್ನ ಬಾಯಿಂದ ತಾನಾಗಿ ಹೊರಟಿತು: “ನೀನು ಕೂತ್ಕೋ ಅಮ್ಮ.”

ಅಮ್ಮ ನನ್ನನ್ನೇ ನೋಡಿದಳು. ನಾನು ನಾಲಿಗೆ ಕಚ್ಚಿಕೊಂಡು ಹಿಟ್ಟಿನ ಬಟ್ಟಲನ್ನು ಅವಳ ಕಡೆ ತಳ್ಳಿದೆ. ಅವಳು ಬಳೆ ಮೇಲೆ ಸರಿಸಿ, ಸೆರಗು ಸಿಕ್ಕಿಸಿ, ಕೈ ಹಾಕಿದಳು.

ಹೋಳಿಗೆಯ ಕಣಕ ನಾದಿದ ಕೈ ಅದು. ಬ್ರೆಡ್ಡಿನ ಹಿಟ್ಟನ್ನೂ ಅದೇ ಎಂದುಕೊಂಡಳು. ಎತ್ತಿ ಎತ್ತಿ ಬಡಿದಳು. ನಡುವೆ ನಾನು ನೋಡದಿದ್ದಾಗ ಎರಡು ಸೌಟು ಎಣ್ಣೆಯನ್ನೂ ಸುರಿದಳು.

“ಎಣ್ಣೆ ಯಾಕೆ ಹಾಕ್ದೆ? ಬೆಣ್ಣೆ ಇದೆಯಲ್ಲ!”

“ಕಣಕಕ್ಕೆ ಎಣ್ಣೆ ಹಾಕದೇ ಇರ್ತಾರೇನೇ?”

“ಇದು ಕಣಕ ಅಲ್ಲ!”

“ಮೈದಾನೇ ತಾನೇ?”

ಹಿಟ್ಟು ಉಬ್ಬಲು ಬಿಟ್ಟಾಗ ಅವಳಿಗೆ ತಾಳ್ಮೆಯಿಲ್ಲ, ಹತ್ತು ಸಲ ಮುಚ್ಚಳ ತೆಗೆದು ನೋಡಿದಳು. ಕೊನೆಗೆ ಹೆಣೆಯುವ ಹೊತ್ತು ಬಂತು. ಮೂರು ಎಳೆ ಹೊಸೆದುಕೊಟ್ಟೆ. ಅಮ್ಮ ಎಳೆಗಳನ್ನು ಹಿಡಿದ ರೀತಿಗೇ ನನ್ನ ನೆತ್ತಿಯ ಚರ್ಮ ಜುಮ್ಮೆಂದಿತು. ಶಾಲೆಗೆ ಹೋಗುವಾಗ ಅವಳು ಹಾಕುತ್ತಿದ್ದ ಜಡೆ ಎಷ್ಟು ಬಿಗಿ ಎಂದರೆ, ನನ್ನ ಹುಬ್ಬುಗಳು ಸಂಜೆಯವರೆಗೂ ಮೇಲಕ್ಕೇ ಇರುತ್ತಿದ್ದವು. ಪಾಠ ಮಾಡುವವರು ನಾನು ಎಲ್ಲದಕ್ಕೂ ಆಶ್ಚರ್ಯಪಡುತ್ತೇನೆ ಎಂದುಕೊಂಡಿದ್ದರು. ಈಗ ಅದೇ ಬಿಗಿಯನ್ನು ಹಿಟ್ಟಿಗೂ ತೋರಿಸಿದಳು. ಎಳೆದು, ಜಗ್ಗಿ, ಒಂದು ಕೂದಲೂ ಹೊರಗೆ ನುಸುಳದ ಹಾಗೆ.

“ಸಡಿಲ ಬಿಡು ಅಮ್ಮ! ಒಳಗೆ ಉಬ್ಬೋಕೆ ಜಾಗ ಬೇಕು.”

“ಸಡಿಲ ಹಾಕಿದ್ರೆ ಮಧ್ಯಾಹ್ನಕ್ಕೆ ಬಿಚ್ಚಿಹೋಗತ್ತೆ. ತುದಿಗೆ ಏನು ಕಟ್ತೀಯ?”

“ಏನೂ ಕಟ್ಟಲ್ಲ. ಒತ್ತಿಬಿಟ್ರೆ ಅಂಟಿಕೊಳ್ಳತ್ತೆ.”

“ಅದೆಂಥ ಜಡೆ!” ಎಂದು ಅವಳು ತನಗೆ ತೋಚಿದ ಹಾಗೇ ಮುಗಿಸಿದಳು.

ಓವನ್ನಿನಲ್ಲಿ ಜಡೆ ಉಸಿರು ಬಿಡಲು ಜಾಗವಿಲ್ಲದೆ ನಡುವೆ ಪಟ್ಟೆಂದು ಸೀಳಿತು. ಒಂದು ಪಕ್ಕ ಹೊಟ್ಟೆ ಹೊರಬಂದು, ಇನ್ನೊಂದು ಪಕ್ಕ ಹಾಗೇ ಸೊರಗಿ, ನೋಡಲಾಗದಂಥ ಆಕಾರ. ನಾನು ತಟ್ಟೆಯನ್ನು ಕಟ್ಟೆಯ ಮೇಲೆ ಕುಕ್ಕಿ, “ನೋಡು! ಹೇಳಿದ್ನೋ ಇಲ್ವೋ? ನಿನಗೆ ಯಾರು ಏನು ಹೇಳಿದ್ರೂ ಕಿವಿಗೇ ಹೋಗಲ್ಲ. ಎಣ್ಣೆ ಬೇಡ ಅಂದ್ರೆ ಹಾಕ್ತೀಯ, ಬಿಗಿ ಬೇಡ ಅಂದ್ರೆ ಎಳೀತೀಯ. ಒಂದಿಡೀ ಉಂಡೆ ಬೆಣ್ಣೆ ದಂಡ!” ಎಂದು ಚೆನ್ನಾಗಿಯೇ ಕೂಗಾಡಿದೆ.

ಕೂಗಾಡಿದ ಮೇಲೆ ಹೆದರಿಕೆಯಾಯಿತು. ಕಾಯಿಲೆಯಿಂದ ಎದ್ದವಳು ನೊಂದುಕೊಂಡರೆ ಏನು ಗತಿ? ಆದರೆ ಅಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಮುಖದಲ್ಲಿ ಒಂದು ಕಳೆ. ಅವಳೂ ದನಿಯೇರಿಸಿದಳು.

“ಬೆಣ್ಣೆ ದಂಡ ಅಂತೀಯಲ್ಲ, ನಿನ್ನ ಓವನ್ನೇ ಸರಿ ಇಲ್ಲ! ಇನ್ನೊಂದ್ಸಲ ಕಲಸು. ಈ ಸಲ ನೋಡ್ತೀನಿ ಅದು ಹೆಂಗೆ ಸೀಳತ್ತೆ ಅಂತ.”

ಆಗ ನನಗೆ ತಿಳಿಯಿತು. ಮಳೆಗಾಲದಿಂದ ಈಚೆ ಯಾರೂ ಅಮ್ಮನನ್ನು ಬೈದಿರಲಿಲ್ಲ. ಅವಳ ಜೊತೆ ಯಾರೂ ಜಗಳವಾಡಿರಲಿಲ್ಲ. ಹೇಳಿದ್ದಕ್ಕೆಲ್ಲ ಹೂಂ ಎಂದು, ಮೆತ್ತಗೆ ಮಾತಾಡಿ, ಬೆನ್ನು ಸವರಿ, ಎಲ್ಲರೂ ಅವಳನ್ನು ಗಾಜಿನ ಪಾತ್ರೆ ಮಾಡಿಟ್ಟಿದ್ದರು. ರೋಗಿಗಳನ್ನು ಯಾರೂ ಬೈಯುವುದಿಲ್ಲ. ನನ್ನ ಅಮ್ಮನಿಗೆ ಇಷ್ಟು ದಿನ ಹಸಿವಾಗಿದ್ದದ್ದು ಒಂದು ಒಳ್ಳೆಯ ಜಗಳಕ್ಕೆ. ನನಗೆ ನಗು ಬಂತು.

ಅವತ್ತು ಯಜಮಾನರು ಸಂಜೆ ಬಂದಾಗ ನಾವಿಬ್ಬರೂ ಸೀಳಿದ ಬ್ರೆಡ್ಡನ್ನು ಮಾವಿನ ಮಿಡಿ ಉಪ್ಪಿನಕಾಯಿಯ ರಸಕ್ಕೆ ಅದ್ದಿಕೊಂಡು ತಿನ್ನುತ್ತ, ಓವನ್ ಸರಿಯಿದೆಯೋ ಇಲ್ಲವೋ ಎಂದು ಇನ್ನೂ ವಾದಿಸುತ್ತಿದ್ದೆವು. ಅವರು ಒಂದು ಕ್ಷಣ ನಿಂತು ಕೇಳಿ, ಜಾಣರು, ಚಪ್ಪಲಿ ಹಾಕಿಕೊಂಡು ವಾಕಿಂಗಿಗೆ ಹೊರಟುಹೋದರು.

ವಾರದಲ್ಲಿ ಅಮ್ಮನ ಕೈ ಪಳಗಿತು. ಎಣ್ಣೆ ಬಿಟ್ಟಳು, ಜಡೆ ಸಡಿಲಿಸಿದಳು. ಆದರೆ ಸೋತೆ ಎಂದು ಒಪ್ಪಲಿಲ್ಲ. ಸಡಿಲ ಹಾಕುವಾಗಲೆಲ್ಲ “ಈಗಿನ ಕಾಲದ ಹುಡುಗೀರ ಜಡೆ” ಎಂದು ಮೂಗು ಮುರಿಯುತ್ತಿದ್ದಳು. ಸ್ವೆಟರು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಬೆಳಿಗ್ಗೆ ನನಗಿಂತ ಮೊದಲೆದ್ದು ರಂಗೋಲಿ ಹಾಕುತ್ತಿದ್ದಳು. ಉಸಿರು ಅಳೆಯುವ ಯಂತ್ರಕ್ಕೆ ಬೆರಳು ಕೊಟ್ಟರೆ, ನನಗೆ ಬಂದಷ್ಟೇ ಅಂಕ ಅವಳಿಗೂ ಬಂತು. ಸಂಜೆ ಮಾತ್ರ ಸ್ವಲ್ಪ ದಣಿವು, ಆಗ ಹೇಳದೆಯೇ ಮಲಗುತ್ತಿದ್ದಳು.

ಅಷ್ಟರಲ್ಲಿ ಅತ್ತಿಗೆಯ ಫೋನು ಬಂತು. ಎದುರುಮನೆ ಆಂಟಿಗೆ ಮಂಡಿಯ ಆಪರೇಷನ್ ಆಗಿದೆ, ಶಿವಮೊಗ್ಗದಲ್ಲೇ ಒಂದು ಆಸ್ಪತ್ರೆಯಲ್ಲಿದ್ದಾರೆ ಎಂಬ ಸುದ್ದಿ. ಸ್ಪೀಕರಿನಲ್ಲಿ ಅಮ್ಮನೂ ಕೇಳಿಸಿಕೊಂಡಳು.

“ನೀವು ಹೋಗಿ ನೋಡಿ ಬನ್ನಿ,” ಎಂದರು ಅತ್ತಿಗೆ ನನಗೆ. “ಅತ್ತೇನ ಮಾತ್ರ ಕರ್ಕೊಂಡು ಹೋಗ್ಬೇಡಿ. ಆಸ್ಪತ್ರೆ ಅಂದ್ರೆ ನೂರೆಂಟು ಇನ್ಫೆಕ್ಷನ್. ಮತ್ತೆ ಏನಾದ್ರೂ ಆದ್ರೆ ನನ್ನ ಕೈಲಿ ಆಗಲ್ಲ.”

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನನಗೂ ಹೆದರಿಕೆಯಿತ್ತು. ಅಮ್ಮ ಅಡುಗೆಮನೆಗೆ ಹೋಗಿ ಹಾಲು ಬಿಸಿಗಿಟ್ಟು, ಬೆರಳದ್ದಿ ನೋಡಿದಳು. ಆಂಟಿಗೆ ಬ್ರೆಡ್ಡು ಮಾಡಲು ಹೊರಟಿದ್ದಾಳೆ, ತಾನೂ ಬರುವವಳೇ ಎಂದು ಗೊತ್ತಾಯಿತು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಬೇಡ ಎಂದರೆ ಅವಳನ್ನು ಮತ್ತೆ ಆ ಬೆತ್ತದ ಕುರ್ಚಿಗೆ ಕೂರಿಸಿದ ಹಾಗೆಯೇ.

“ಮಾಸ್ಕ್ ಹಾಕ್ಕೋಬೇಕು,” ಎಂದೆ.

“ಹಾಕ್ಕೋತೀನಿ.”

“ಹೆಚ್ಚು ಹೊತ್ತು ಕೂರೋ ಹಾಗಿಲ್ಲ.”

“ರೋಗಿ ಹತ್ರ ಹೆಚ್ಚು ಹೊತ್ತು ಕೂರಬಾರದು ಅಂತ ನಿನಗೆ ಹೇಳಿಕೊಟ್ಟೋಳೇ ನಾನು.”

ಆ ದಿನದ ಬ್ರೆಡ್ಡನ್ನು ಅವಳು ನನಗೆ ಮುಟ್ಟಲೂ ಬಿಡಲಿಲ್ಲ. ಕಲಸಿದ್ದು, ನಾದಿದ್ದು, ಹೆಣೆದದ್ದು, ಹಾಲು ಸವರಿದ್ದು ಎಲ್ಲ ಅವಳೇ. ಗಾಜಿನ ಮುಂದೆ ಮಣೆ ಹಾಕಿಕೊಂಡು ಕಾದಳು. ಹೊರಗೆ ತೆಗೆದಾಗ ನಾನು ಹೊಟ್ಟೆಕಿಚ್ಚು ಪಡುವಷ್ಟು ಚೆನ್ನಾಗಿತ್ತು. ಎಲ್ಲೂ ಒಂದು ಬಿರುಕಿಲ್ಲ. ಆರಿದ ಮೇಲೆ ಒಗೆದ ಬಟ್ಟೆಯಲ್ಲಿ ಸುತ್ತಿ ಚೀಲಕ್ಕಿಳಿಸಿ, ರೇಷ್ಮೆಯಂಚಿನ ಸೀರೆಯುಟ್ಟು, ಹೂ ಮುಡಿದು ಹೊರಟಳು. ಸೀಮಂತಕ್ಕೆ ಹೊರಟವಳ ಹಾಗೇ ಇದ್ದಳು.

ಆಸ್ಪತ್ರೆಯ ಬಾಗಿಲಲ್ಲಿ ಆಟೋ ಇಳಿದೆವು. ಇಳಿಯುವಾಗ ಅಮ್ಮ ನನ್ನ ಭುಜ ಹಿಡಿದುಕೊಂಡಿದ್ದಳು. ಬಿಳಿ ಕೂದಲು, ಮುಖಕ್ಕೆ ಮಾಸ್ಕು, ಇನ್ನೂ ಮೈ ತುಂಬದ ತೆಳ್ಳನೆಯ ದೇಹ. ಬಾಗಿಲಲ್ಲಿದ್ದ ಸಿಬ್ಬಂದಿಯವನು ಕಂಡ ಕೂಡಲೇ ಗಾಲಿಕುರ್ಚಿ ತಳ್ಳಿಕೊಂಡು ಓಡಿಬಂದು ಅಮ್ಮನ ಹಿಂದೆಯೇ ನಿಲ್ಲಿಸಿ, “ಕೂತ್ಕೊಳ್ಳಿ ಅಮ್ಮ, ಕೂತ್ಕೊಳ್ಳಿ” ಎಂದ. ನನ್ನ ಕಡೆ ತಿರುಗಿ, “ಪೇಷೆಂಟ್ ಇವರೇ ಅಲ್ವಾ ಮೇಡಂ?” ಎಂದು ಕೇಳಿದ. ಇಷ್ಟು ದಿನದ ಶ್ರಮವೆಲ್ಲ ಇವನ ಒಂದು ಮಾತಿಗೆ ಮಣ್ಣುಪಾಲಾಯಿತಲ್ಲ ಎಂದುಕೊಂಡೆ.

ಅಮ್ಮ ಗಾಲಿಕುರ್ಚಿಯನ್ನು ನೋಡಿದಳು, ಅವನನ್ನು ನೋಡಿದಳು. ನನ್ನ ಭುಜದಿಂದ ಕೈ ತೆಗೆದಳು.

“ನಾನಲ್ಲಪ್ಪ. ಪೇಷೆಂಟ್ ಒಳಗಿದಾರೆ. ನಾನು ನೋಡೋಕೆ ಬಂದೋಳು,” ಎಂದಳು. ಆಮೇಲೆ ಬ್ರೆಡ್ಡಿನ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ನನಗಿಂತ ಮುಂದೆ ನಡೆದಳು.

ಆಂಟಿ ಕಾಲಿಗೆ ದಪ್ಪ ಕಟ್ಟು ಹಾಕಿಸಿಕೊಂಡು ಮಲಗಿದ್ದರು. ಅಮ್ಮನನ್ನು ಕಂಡದ್ದೇ ತಡ, “ಅಯ್ಯೋ ಅ‌ಕ್ಕಾ! ರೊಂಬ ನೋವು ಅಕ್ಕಾ!” ಎಂದು ಅಳುವುದಕ್ಕೇ ಶುರು ಮಾಡಿದರು. ಅಮ್ಮ ಹಾಸಿಗೆಯ ಮೇಲೆ ಕೂರದೆ ಸ್ಟೂಲು ಎಳೆದುಕೊಂಡು ಕೂತು, ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಿದ್ದೆ ಬಂತಾ, ಊಟ ಸೇರ್ತಾ, ನೋವು ಬೆಳಿಗ್ಗೆ ಜಾಸ್ತಿಯೋ ಸಂಜೆಯೋ ಎಂದು ಒಂದೊಂದೇ ಕೇಳಿದಳು. ಎಷ್ಟೋ ವರ್ಷ ನಾನು ಬಾಗಿಲಲ್ಲಿ ನಿಂತು ಕಂಡಿದ್ದ ಅಮ್ಮನೇ ಅವಳು.

ಅತ್ತು ಹಗುರಾದ ಆಂಟಿ ಕಣ್ಣೊರೆಸಿಕೊಂಡು ಅಮ್ಮನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಸೀರೆ, ಹೂವು ಎಲ್ಲ ಆಗಲೇ ಕಣ್ಣಿಗೆ ಬಿದ್ದಿರಬೇಕು.

“ಅಲ್ಲಾ ಅಕ್ಕಾ, ನೀವು ಯಾವಾಗ ಹುಷಾರಾದ್ರಿ?”

“ನಾನು ಹುಷಾರಾಗಿ ಎಷ್ಟೋ ದಿನ ಆಯ್ತು,” ಎಂದಳು ಅಮ್ಮ, ಬ್ರೆಡ್ಡಿನ ಗಂಟು ಬಿಚ್ಚುತ್ತ. ಆಮೇಲೆ ತಲೆಯೆತ್ತದೆ ಗಲ್ಲದಿಂದಲೇ ನನ್ನ ಕಡೆ ತೋರಿಸಿದಳು. “ಇವರಿಗೇ ಗೊತ್ತಾಗೋದು ತಡವಾಯ್ತು.”